ತಲೆ ಮೇಲಿನ ಬಂಡೆಯ ಸದ್ದು: ಉಡುಪಿಯ ಅಣ್ಣನಿಗೆ

ತಮ್ಮನಿಗೆ ಹಟ್ಟಿ ಚಿನ್ನದ ಗಣಿಯಲ್ಲಿ ಕೆಳಗಿಳಿಯುವ ಕೆಲಸ ಸಿಕ್ಕಿದೆ, ಮೇಲಿನ ಬಂಡೆ ಬೀಳುತ್ತದೆಂದು ಮೊದಲೇ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನವನು, ಹಿಂದೆ ಗಣಿಯಲ್ಲಿದ್ದೆ.

ಎಷ್ಟೋ ಸಲ ಗೊತ್ತಾಗುತ್ತದೆ, ಕಿವಿಯಿಂದ. ಉದ್ದದ ಸಬ್ಬಲ್‌ನಿಂದ ಬಡಿದರೆ ಗಟ್ಟಿ ಬಂಡೆ ಠಣ್ ಎನ್ನುತ್ತದೆ. ಬಿಟ್ಟುಕೊಂಡದ್ದು ಹಣ್ಣಾದ ಹಲಸಿನಂತೆ ಬೊದಬೊದ. ಸ್ಫೋಟವಾಗಿ ಹೊಗೆ ಹೋದಮೇಲೆ ಅಂಥದ್ದನ್ನೆಲ್ಲ ಕೆಡವಬೇಕು. ನಿಲ್ಲುವುದು ಬಡಿದು ನೋಡಿದ ಜಾಗದಲ್ಲೇ, ಹಿಂದೆ ಸರಿಯಲು ದಾರಿ ಇಟ್ಟುಕೊಂಡು. ಆಮೇಲೆ ರೂಫ್ ಬೋಲ್ಟ್, ಅಂದರೆ ಮೇಲಿನ ಬಂಡೆಯನ್ನು ಹಿಡಿದಿಡಲು ಅದರೊಳಗೆ ಕೂರಿಸುವ ಸರಳು. ಆಸರೆ ಕೊಡಬೇಕಾದಲ್ಲಿ ಕೊಡುವ ಮೊದಲು ‘ಒಂದೇ ನಿಮಿಷ’ ಅಂತಲೂ ನುಗ್ಗಬಾರದು, ಮೇಸ್ತ್ರಿ ಅವಸರ ಮಾಡಿದರೂ.

ನಮ್ಮ ಕಡೆ ನೀರಿಗಾಗಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡದೊಳಗೆ ತೋಡಿದ ಸುರಂಗ ಆಸರೆಯಿಲ್ಲದೆ ನಿಂತಿದೆಯಲ್ಲ ಎನ್ನಬೇಡಿ. ಅದು ಒಬ್ಬ ಬಗ್ಗಿ ಹೋಗುವಷ್ಟೇ ಅಗಲ, ಪಿಕ್ಕಾಸಿನಲ್ಲಿ ಅಗೆದದ್ದು, ಗಣಿಯಂತೆ ಸ್ಫೋಟಿಸಿದ್ದಲ್ಲ.

ತರಬೇತಿಯಲ್ಲಿ ಸಬ್ಬಲ್ ಕೈಗೆ ಕೊಟ್ಟು ಬಡಿಸಿದರಾ ಅಂತ ತಮ್ಮನನ್ನು ಕೇಳಿ.