ಫ್ರಾನ್ಸಿನಲ್ಲಿ ಪಾಕ್ಸ್ ನೋಂದಣಿಯಾದ ಸಲಿಂಗಿ ಜೋಡಿಗೆ ಸೆನೆಗಲ್ ಒಳ್ಳೆಯದೋ, ಐವರಿ ಕೋಸ್ಟ್ ಒಳ್ಳೆಯದೋ?

ಪಾಕ್ಸ್, ಅಂದರೆ ಮದುವೆಯಾಗದೆ ಇಬ್ಬರು ಜೊತೆಯಾಗಿ ಬಾಳಲು ಫ್ರಾನ್ಸಿನಲ್ಲಿ ನೋಂದಾಯಿಸುವ ಒಪ್ಪಂದವನ್ನು ಮಾಡಿಕೊಂಡಿರುವ ನೀವು, ಫ್ರೆಂಚ್ ಭಾಷೆಯ ಈ ಎರಡು ದೇಶಗಳ ಪೈಕಿ ಯಾವುದಕ್ಕೆ ಹೋಗಲಿ ಎಂದು ಕೇಳುತ್ತ, "ಎರಡು ಕಡೆಯೂ ಫ್ರೆಂಚರ ಕಾನೂನೇ ತಾನೆ" ಎಂದು ಬರೆದಿರುವುದನ್ನು ಓದಿದೊಡನೆ ನನಗೆ ಕ್ಯಾಮರೂನಿನ ಡುವಾಲಾ ನಗರ ನೆನಪಾಯಿತು. ಆರು ವರ್ಷಗಳ ಹಿಂದೆ ಇದೇ ಮಾತನ್ನು ನಂಬಿ, ಕಂಪನಿಯ ಕೆಲಸದ ಮೇಲೆ ಲಿಯೋನ್‌ನಿಂದ ಕ್ಯಾಮರೂನಿಗೆ ಹೋದವನು ನಾನು.

ನಮ್ಮನ್ನು 2018ರವರೆಗೆ ಕಾಡಿದ ಸೆಕ್ಷನ್ 377 ಇಂಗ್ಲಿಷರು ಹೇರಿದ್ದು. ಫ್ರಾನ್ಸಾದರೋ 1791ರಲ್ಲೇ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತ್ತು. ಆದ್ದರಿಂದ ಫ್ರೆಂಚರು ಆಳಿದ ನಾಡಿನಲ್ಲಿ ಅಂಥ ಕಾನೂನು ಇರಲಾರದು ಎಂಬುದು ನನ್ನ ಲೆಕ್ಕಾಚಾರ. ಆದರೆ ಸ್ವಾತಂತ್ರ್ಯ ಬಂದು 12 ವರ್ಷಗಳಾದ ಮೇಲೆ, 1972ರಲ್ಲಿ, ಕ್ಯಾಮರೂನ್ ತಾನಾಗಿಯೇ ಅದನ್ನು ಅಪರಾಧವಾಗಿಸಿತ್ತು. ಈಗ ಅದು ದಂಡಸಂಹಿತೆಯ 347-1ನೆಯ ವಿಧಿ: ಆರು ತಿಂಗಳಿಂದ ಐದು ವರ್ಷ ಸೆರೆವಾಸ, ಜೊತೆಗೆ ದಂಡ. 2011ರಲ್ಲಿ ವಿದ್ಯಾರ್ಥಿಯೊಬ್ಬನಿಗೆ, ಇನ್ನೊಬ್ಬ ಗಂಡಸಿಗೆ ಕಳುಹಿಸಿದ ಮೊಬೈಲ್ ಸಂದೇಶದ ಕಾರಣಕ್ಕೆ ಮೂರು ವರ್ಷ ಶಿಕ್ಷೆಯಾಗಿತ್ತು. ಇದೊಂದನ್ನೂ ನಾನು ಹುಡುಕಿ ಓದಿರಲಿಲ್ಲ.

ನನ್ನನ್ನು ಕೆಡಿಸಿದ್ದು ವಾಸದ ಪರವಾನಗಿಯ ಅರ್ಜಿ. ಪಾಕ್ಸ್ ಆದವರು ಫ್ರಾನ್ಸಿನಲ್ಲಿ ತೆರಿಗೆ ಲೆಕ್ಕವನ್ನು ಜೋಡಿಯಾಗಿಯೇ ಸಲ್ಲಿಸುವುದರಿಂದ ಕೈಗೆ ರೂಢಿಯಾಗಿ, 'ಅವಿವಾಹಿತ' ಎಂಬ ಚೌಕವನ್ನು ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಪಾಕ್ಸ್ ಎಂದೂ ಸಂಗಾತಿಯ ಹೆಸರು ಮಿಶೆಲ್ ಎಂದೂ ಬರೆದೆ. ಆ ಹೆಸರು ಗಂಡಿಗೂ ಹೆಣ್ಣಿಗೂ ಉಂಟು. ಉಚ್ಚಾರ ಒಂದೇ, ಹೆಣ್ಣಾದರೆ ಬರವಣಿಗೆಯಲ್ಲಿ ಕೊನೆಗೆ ಎರಡಕ್ಷರ ಹೆಚ್ಚು (Michel, Michelle). ಗುಮಾಸ್ತರು ಅರ್ಜಿಯನ್ನು ನನ್ನತ್ತ ತಿರುಗಿಸಿ, ಹೆಸರಿನ ಕೊನೆಯಲ್ಲಿ ಪೆನ್ನಿನ ತುದಿಯನ್ನಿಟ್ಟು, "ಎರಡಕ್ಷರ ಬಿಟ್ಟುಹೋಗಿದೆಯಲ್ಲವೇ?" ಎಂದರು. "ಇಲ್ಲ, ಸರಿಯಾಗಿಯೇ ಇದೆ" ಎಂದೆ. ಮತ್ತೊಮ್ಮೆ ಕೇಳಿದರು, ಮತ್ತೆ ಅದನ್ನೇ ಹೇಳಿದೆ. ಆತ ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತಿದ್ದಾರೆಂಬುದು ಹೊಳೆಯಲೇ ಇಲ್ಲ. ಹೊಟ್ಟೆ ಉರಿಯುವ ಸಂಗತಿಯೆಂದರೆ, ಪಾಕ್ಸ್ ಎಂಬುದು ಮದುವೆಯಲ್ಲ, ಬರೀ ನಾಗರಿಕ ಒಪ್ಪಂದ. ಅದಕ್ಕೆ ಕ್ಯಾಮರೂನಿನಲ್ಲಿ ಮಾನ್ಯತೆಯೂ ಇಲ್ಲ. 'ಅವಿವಾಹಿತ' ಎಂದು ಗುರುತು ಹಾಕಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

ಬರಹದಲ್ಲಿ ಅಲ್ಲಿನ ಕಾನೂನು ಶಿಕ್ಷಿಸುವುದು ಕೃತ್ಯವನ್ನಷ್ಟೇ, ಒಂದು ಕಾಗದ ಅದಕ್ಕೆ ಸಾಕ್ಷಿಯಾಗಬಾರದು. ಆದರೆ ಒಂಬತ್ತು ದಿನಗಳ ನಂತರ ಅದೇ ಅರ್ಜಿಯ ಜೆರಾಕ್ಸ್ ಹಿಡಿದು ಬಾಗಿಲಿಗೆ ಬಂದ ಇಬ್ಬರಿಗೆ ಸಾಕ್ಷಿ ಬೇಕಿರಲಿಲ್ಲ, ಹಣ ಬೇಕಿತ್ತು. ತಿಂಗಳೊಳಗೆ ಕಂಪನಿ ನನ್ನನ್ನು ವಾಪಸು ಕರೆಸಿಕೊಂಡಿತು. ಹುದ್ದೆ ಬೇರೆಯವರ ಪಾಲಾಯಿತು.

ಕೇಳಿದ್ದಕ್ಕೆ ಉತ್ತರ: ಸೆನೆಗಲ್‌ನಲ್ಲಿ ದಂಡಸಂಹಿತೆಯ 319ನೆಯ ವಿಧಿಯ ಪ್ರಕಾರ ಸಲಿಂಗ ಸಂಬಂಧ ಅಪರಾಧ, ಐವರಿ ಕೋಸ್ಟಿನಲ್ಲಿ ಅಂಥ ವಿಧಿಯಿಲ್ಲ, ಪಾಕ್ಸಿಗೆ ಮಾನ್ಯತೆಯೂ ಇಲ್ಲ. ಆದರೆ ಭಾಷೆಯನ್ನು ನೋಡಿ ದೇಶ ಆರಿಸುವ ನಿಮ್ಮ ಕ್ರಮವೇ ತಪ್ಪೆಂದು ನನ್ನ ಅಭಿಪ್ರಾಯ. ಅದೇ ಭಾಷೆಯ ಗ್ಯಾಬೊನ್ 2019ರಲ್ಲಿ ಅಪರಾಧವೆಂದು, 2020ರಲ್ಲಿ ಅಲ್ಲವೆಂದಿತು. ಐವರಿ ಕೋಸ್ಟಿನ ನೆರೆಯ ಬುರ್ಕಿನಾ ಫಾಸೊ 2025ರಲ್ಲಿ ಎರಡರಿಂದ ಐದು ವರ್ಷಗಳ ಸೆರೆಯನ್ನು ವಿಧಿಸುವ ಕಾನೂನು ಮಾಡಿತು. ಸಂಗಾತಿಯನ್ನು ಕರೆದೊಯ್ಯಲೇಬೇಕೆಂದಿದ್ದರೆ, 2003ರಿಂದಲೇ ಸಲಿಂಗ ವಿವಾಹವಿರುವ ಬೆಲ್ಜಿಯಮ್ಮನ್ನೋ, 2004ರಿಂದ ಅದಿರುವ ಕೆನಡಾದ ಫ್ರೆಂಚ್ ಭಾಷೆಯ ಪ್ರಾಂತ್ಯ ಕ್ವಿಬೆಕ್ಕನ್ನೋ ಕೇಳಿ. ಒಬ್ಬರೇ ಹೋಗುವುದಾದರೆ, ಹೊರಡುವ ಮೊದಲೇ ಪರವಾನಗಿ ಅರ್ಜಿಯ ಖಾಲಿ ಪ್ರತಿಯನ್ನು ತರಿಸಿಕೊಂಡು ಅಲ್ಲಿನ ವಕೀಲರಿಗೆ ತೋರಿಸಿ.