ಅಮೆರಿಕದ ಸುಪ್ರೀಂ ಕೋರ್ಟ್ ಬಲವಂತದ ಸಂತಾನಹರಣಕ್ಕೆ ಒಪ್ಪಿದ್ದು ಹೇಗೆ?

ನೀವು ಕೇಳಿದ್ದು ಎರಡು: ‘ಮಂದಬುದ್ಧಿಯವರಿಗೆ’ ಬಲವಂತವಾಗಿ ಆಪರೇಷನ್ ಮಾಡಲು ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿತ್ತು ಅನ್ನೋದು ನಿಜವೇ, ಮತ್ತೆ ಯಾರು ಮಂದಬುದ್ಧಿ ಅಂತ ಹೇಗೆ ತೀರ್ಮಾನಿಸುತ್ತಿದ್ದರು.

ನಿಜ. 1927ರ ಮೇ 2ರಂದು, ಬಕ್ ವರ್ಸಸ್ ಬೆಲ್ ಮೊಕದ್ದಮೆಯಲ್ಲಿ, 8–1ರ ಬಹುಮತದಲ್ಲಿ. ಒಪ್ಪದಿದ್ದವರು ನ್ಯಾಯಮೂರ್ತಿ ಪಿಯರ್ಸ್ ಬಟ್ಲರ್ ಒಬ್ಬರೇ, ಅವರೂ ಕಾರಣ ಬರೆಯಲಿಲ್ಲ. ಆ ಕಾಲದ ಕೆಟ್ಟ ವಿಜ್ಞಾನಕ್ಕೆ ಕೋರ್ಟು ಮೋಸಹೋಯಿತು ಅಂತ ಹೇಳುವವರು ಬಹಳ ಜನ. ನನ್ನ ಪ್ರಕಾರ ಅದು ಅರ್ಧ ಸತ್ಯ. ಕಡತ ನೋಡಿದರೆ, ಕ್ಯಾರಿ ಬಕ್ ಎಂಬ ಹೆಣ್ಣುಮಗಳು ಸೋಲಲಿ ಎಂದೇ ಮೊಕದ್ದಮೆ ಹೂಡಿದ್ದು ಕಾಣುತ್ತದೆ.

ಮೊದಲು ಅಳತೆಗೋಲಿನ ವಿಷಯ. ಬುದ್ಧಿಶಕ್ತಿ ಅಳೆಯುವ ಬಿನೆ ಪರೀಕ್ಷೆಯನ್ನು ಫ್ರಾನ್ಸಿನಲ್ಲಿ ರೂಪಿಸಿದ್ದು ಪಾಠದಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗಲೆಂದು. ನ್ಯೂಜೆರ್ಸಿಯ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ ಅದನ್ನು ಮುದ್ರೆಯೊತ್ತುವ ಸಾಧನ ಮಾಡಿಕೊಂಡರು. ಮಾನಸಿಕ ವಯಸ್ಸು 2ರೊಳಗಿದ್ದರೆ ‘ಈಡಿಯಟ್’, 3ರಿಂದ 7 ‘ಇಂಬೆಸೈಲ್’, 8ರಿಂದ 12 ‘ಮೊರಾನ್’. ಕೊನೆಯ ಪದ 1910ರಲ್ಲಿ ಅವರೇ ಹುಟ್ಟುಹಾಕಿದ್ದು. ಶಾಲೆ ಬಿಟ್ಟವರು, ಇಂಗ್ಲಿಷ್ ಸರಿಯಾಗಿ ಬಾರದ ವಲಸಿಗರು ಇದರಲ್ಲಿ ಕೆಳಗಿಳಿಯುವುದು ಸಹಜವೇ. ಮೊದಲ ಮಹಾಯುದ್ಧದ ವೇಳೆ ಸೈನ್ಯಕ್ಕೆ ಸೇರಿದವರನ್ನು ಇಂಥದೇ ಪರೀಕ್ಷೆಯಿಂದ ಅಳೆದಾಗ ಬಿಳಿಯರ ಸರಾಸರಿ ಮಾನಸಿಕ ವಯಸ್ಸು ಸುಮಾರು 13 ಬಂತು. ಅಂದರೆ ಹೆಚ್ಚುಕಮ್ಮಿ ಅರ್ಧ ಸೈನ್ಯವೇ ‘ಮೊರಾನ್’! ಆಗಲೂ ಅಳತೆಗೋಲನ್ನು ಎಸೆಯುವ ಮನಸ್ಸು ಬರಲಿಲ್ಲ.

ಎರಡನೆಯದು ವಂಶವೃಕ್ಷ. 1910ರಲ್ಲಿ ಜೀವವಿಜ್ಞಾನಿ ಚಾರ್ಲ್ಸ್ ಡೇವನ್‌ಪೋರ್ಟ್ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಯೂಜೆನಿಕ್ಸ್ ರೆಕಾರ್ಡ್ ಆಫೀಸ್ ತೆರೆದರು (ಯೂಜೆನಿಕ್ಸ್ ಅಂದರೆ, ‘ಒಳ್ಳೆಯವರು’ ಹೆಚ್ಚು ಹೆರಬೇಕು, ‘ಕೆಟ್ಟವರು’ ಹೆರಬಾರದು ಎಂದು ವಂಶ ಸುಧಾರಿಸುವ ವಾದ). ಬೇಸಿಗೆಯಲ್ಲಿ ಕೆಲವೇ ವಾರ ತರಬೇತಿ ಪಡೆದ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ನೆರೆಹೊರೆಯವರನ್ನು ಕೇಳಿ ಚಿತ್ರ ಬರೆಯುತ್ತಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ; ಒಳಗೆ ‘ಎಫ್’ ಎಂದಿದ್ದರೆ ಮಂದಬುದ್ಧಿ, ‘ಎ’ ಎಂದಿದ್ದರೆ ಕುಡುಕ. ಸತ್ತ ಅಜ್ಜಿಗೂ ಊರವರ ಮಾತಿನ ಮೇಲೆಯೇ ಅಕ್ಷರ ಬೀಳುತ್ತಿತ್ತು. ಬಡತನ, ಹಸಿವು, ಓದು ಇಲ್ಲದಿರುವುದು ಕೂಡ ಒಂದೇ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ. ಅವನ್ನು ರಕ್ತದ ದೋಷದಿಂದ ಬೇರೆ ಮಾಡಿ ತೋರಿಸುವ ಶಕ್ತಿ ಆ ಚಿತ್ರಕ್ಕಿರಲಿಲ್ಲ.

ಈಗ ವರ್ಜೀನಿಯಾ. ಮಂದಬುದ್ಧಿ ಎನಿಸಿಕೊಂಡವರನ್ನು ಇಡುತ್ತಿದ್ದ ಅಲ್ಲಿನ ಸರ್ಕಾರಿ ‘ಕಾಲನಿ’ಯ ಮುಖ್ಯಸ್ಥ ಡಾ. ಆಲ್ಬರ್ಟ್ ಪ್ರಿಡ್ಡಿ ಕಾನೂನೇ ಇಲ್ಲದೆ ಆಪರೇಷನ್ ಮಾಡಿ ಕೋರ್ಟು ಹತ್ತಿದ್ದರು. ಹಾಗಾಗಿ ಅವರಿಗೆ ರಕ್ಷಾಕವಚ ಬೇಕಿತ್ತು. ವಕೀಲ ಆಬ್ರಿ ಸ್ಟ್ರೋಡ್ ಸಂತಾನಹರಣಕ್ಕೆ ಅವಕಾಶ ಕೊಡುವ 1924ರ ಕಾಯ್ದೆಯ ಕರಡು ಬರೆದುಕೊಟ್ಟರು. ಕಾಗದದ ಮೇಲೆ ಎಲ್ಲ ಅಚ್ಚುಕಟ್ಟು: ಮುಖ್ಯಸ್ಥರು ಮಂಡಳಿಗೆ ಅರ್ಜಿ ಕೊಡಬೇಕು, ಒಳಗಿದ್ದವರಿಗೆ ನೋಟಿಸ್ ಹೋಗಬೇಕು, ಪಾಲಕರ ನೇಮಕ ಆಗಬೇಕು, ವಿಚಾರಣೆ ನಡೆಯಬೇಕು, ಮೇಲ್ಮನವಿಗೂ ಅವಕಾಶ ಇರಬೇಕು.

ಕಾಯ್ದೆ ಕೋರ್ಟಿನಲ್ಲಿ ನಿಲ್ಲುತ್ತದೋ ಎಂದು ಪರೀಕ್ಷಿಸಲು ಆರಿಸಿಕೊಂಡದ್ದು 18ರ ಕ್ಯಾರಿ ಬಕ್‌ಳನ್ನು. ಸಾಕುಮನೆಯವರ ಸಂಬಂಧಿಯೊಬ್ಬ ಅತ್ಯಾಚಾರ ಮಾಡಿದ್ದರಿಂದ ಬಸುರಾದವಳು. ಆ ಮನೆಯವರೇ ಅವಳನ್ನು ಕಾಲನಿಗೆ ಸೇರಿಸಿದ್ದರು. ಅವಳ ಪರ ನಿಂತ ವಕೀಲ ಇರ್ವಿಂಗ್ ವೈಟ್‌ಹೆಡ್ ಅದೇ ಕಾಲನಿಯ ಮಂಡಳಿಯ ಮಾಜಿ ಸದಸ್ಯ, ಎದುರಾಳಿ ಸ್ಟ್ರೋಡ್‌ನ ಹಳೆಯ ಗೆಳೆಯ. 1924ರ ನವೆಂಬರ್ 18ರಂದು ವಿಚಾರಣೆ ನಡೆದಾಗ ಆತ ಅವಳ ಪರವಾಗಿ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದಳು, ಮನೆಗೆಲಸಕ್ಕೆಂದು ಬಿಡಿಸಿದ್ದರು; ಅವಳ ಟೀಚರ್ ಕೂಡ ಬರಲಿಲ್ಲ. ಹ್ಯಾರಿ ಲಾಫ್ಲಿನ್ ಎಂಬ ಯೂಜೆನಿಕ್ಸ್ ‘ತಜ್ಞ’ ಅವಳ ಮುಖ ಸಹ ನೋಡದೆ ಲಿಖಿತ ಸಾಕ್ಷ್ಯ ಕಳಿಸಿದ. ಕ್ಯಾರಿಯ ಎಂಟು ತಿಂಗಳೂ ತುಂಬದ ಕೂಸು ವಿವಿಯನ್ ಬಗ್ಗೆ ರೆಡ್ ಕ್ರಾಸ್ ಕಾರ್ಯಕರ್ತೆ ಹೇಳಿದ್ದಿಷ್ಟು: ನೋಟ ಅಷ್ಟು ಸರಿಯಿಲ್ಲ, ಏನೆಂದು ಹೇಳಲಾರೆ. ಅಜ್ಜಿ (ಕ್ಯಾರಿಯ ತಾಯಿ), ತಾಯಿ (ಕ್ಯಾರಿ), ಮಗು ಎಂದು ಮೂರು ತಲೆಮಾರಿನ ಲೆಕ್ಕ ಕೂಡಿದ್ದು ಹೀಗೆ. ಅದರ ಮೇಲೆಯೇ ನ್ಯಾಯಮೂರ್ತಿ ಹೋಮ್ಸ್ ‘ಇಂಬೆಸೈಲ್‌ಗಳ ಮೂರು ತಲೆಮಾರು ಸಾಕು’ ಎಂದು ಬರೆದರು. ಅವರದೇ ಅಳತೆಯಲ್ಲಿ ಕ್ಯಾರಿಯ ಮಾನಸಿಕ ವಯಸ್ಸು 9, ‘ಇಂಬೆಸೈಲ್’ ಅಲ್ಲವೇ ಅಲ್ಲ.

1927ರ ಅಕ್ಟೋಬರ್ 19ರಂದು, ಪ್ರಿಡ್ಡಿಯ ನಂತರ ಕಾಲನಿಯ ಮುಖ್ಯಸ್ಥರಾದ ಡಾ. ಜಾನ್ ಬೆಲ್ ಅವಳ ಎರಡೂ ಗರ್ಭನಾಳ ಕತ್ತರಿಸಿದರು. ವಿವಿಯನ್ 1931ರಲ್ಲಿ ತನ್ನ ಶಾಲೆಯ ಗೌರವ ಪಟ್ಟಿಯಲ್ಲಿದ್ದಳು. ಮರುವರ್ಷ, ಎಂಟು ವರ್ಷಕ್ಕೇ, ಕಾಯಿಲೆಯಿಂದ ತೀರಿಕೊಂಡಳು.

ತೀರ್ಪಿನ ನಂತರ ಬೇರೆ ರಾಜ್ಯಗಳಿಗೂ ಧೈರ್ಯ ಬಂತು. ಒಟ್ಟು 30ಕ್ಕೂ ಹೆಚ್ಚು ರಾಜ್ಯಗಳಲ್ಲಿ 60,000ಕ್ಕೂ ಮಿಕ್ಕಿ ಜನರಿಗೆ ಈ ಆಪರೇಷನ್ ಆಯಿತು, ಕ್ಯಾಲಿಫೋರ್ನಿಯಾ ಒಂದರಲ್ಲೇ ಸುಮಾರು 20,000. ನಾಜಿಗಳ 1933ರ ಸಂತಾನಹರಣ ಕಾನೂನಿಗೆ ಲಾಫ್ಲಿನ್‌ನ ಮಾದರಿ ಕಾಯ್ದೆ ನೆರವಾಯಿತು. 1936ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಆತನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ವರ್ಜೀನಿಯಾ ಆ ಕಾಯ್ದೆಯನ್ನು ರದ್ದು ಮಾಡಿದ್ದು 1974ರಲ್ಲಿ. ಬದುಕುಳಿದವರಿಗೆ ತಲಾ 25,000 ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2015ರಲ್ಲಿ. ಕ್ಯಾರಿ ಸತ್ತು ಆಗಲೇ 32 ವರ್ಷ. ಬಕ್ ತೀರ್ಪನ್ನು ಸುಪ್ರೀಂ ಕೋರ್ಟ್ ಇವತ್ತಿಗೂ ನೇರವಾಗಿ ರದ್ದುಪಡಿಸಿಲ್ಲ.

ಕ್ಯಾರಿಯ ತಂಗಿ ಡೋರಿಸ್‌ಗೂ ಅದೇ ಕಾಲನಿಯಲ್ಲಿ ಆಪರೇಷನ್ ಆಗಿತ್ತು. ಅವಳಿಗೆ ಹೇಳಿದ್ದು ಅಪೆಂಡಿಕ್ಸ್ ತೆಗೆದಿದ್ದೇವೆ ಎಂದು. ಮದುವೆಯಾಗಿ ವರ್ಷಾನುಗಟ್ಟಲೆ ಮಗುವಿಗಾಗಿ ಕಾದಳು. ನಿಜ ಗೊತ್ತಾಗುವ ಹೊತ್ತಿಗೆ ಅವಳಿಗೆ ಮುಪ್ಪು ಬಂದಿತ್ತು.