ಉಕ್ಕಿಗೆ ಸಾಟಿಯಾಗುವ ಮರ ನಿಜವೇ?

ಪ್ರಶ್ನೆ: ಮರವನ್ನು ಉಕ್ಕಿನಷ್ಟು ಗಟ್ಟಿಯಾಗಿಸಬಹುದು, ಗಾಜಿನಂತೆ ಪಾರದರ್ಶಕವಾಗಿಸಬಹುದು ಎಂದು ಓದಿದೆ. ಇದು ನಿಜವೇ? ನಿಜವಾದರೆ ಇನ್ನೂ ಏಕೆ ಎಲ್ಲೆಡೆ ಬಳಕೆಗೆ ಬಂದಿಲ್ಲ?

ಉತ್ತರ: ಎರಡೂ ನಿಜ. ಮರದ ಬಲ ಅಡಗಿರುವುದು ಅದರ ಕೋಶಭಿತ್ತಿಯ ಸೆಲ್ಯುಲೋಸ್ ಎಳೆಗಳಲ್ಲಿ. ಕೇವಲ ಮೂರು-ನಾಲ್ಕು ನ್ಯಾನೋಮೀಟರ್ ಅಗಲದ ಈ ಎಳೆಗಳಲ್ಲಿ ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒತ್ತೊತ್ತಾಗಿ ಬೆಸೆದುಕೊಂಡಿರುತ್ತವೆ. ಹಲಗೆಯಲ್ಲಿ ಈ ಬಲ ಪೂರ್ತಿಯಾಗಿ ಕಾಣದಿರಲು ಕಾರಣ, ಮರದ ಒಳಗೆಲ್ಲ ನೀರು ಸಾಗಿಸುವ ಪೊಳ್ಳು ನಾಳಗಳಿರುವುದು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಅವರ ತಂಡ 2018ರಲ್ಲಿ ಈ ಪೊಳ್ಳನ್ನೇ ಇಲ್ಲವಾಗಿಸಿತು. ಮರದ ತುಂಡನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಕುದಿಸಿ, ಎಳೆಗಳನ್ನು ಹಿಡಿದಿಡುವ ಲಿಗ್ನಿನ್‌ನ ಒಂದು ಭಾಗವನ್ನು ತೆಗೆದು, ಆ ಬಳಿಕ ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದುಮಿದಾಗ ನಾಳಗಳು ಕುಸಿದು, ಕೋಶಭಿತ್ತಿಗಳು ಒಂದರೊಳಗೊಂದು ಹೆಣೆದುಕೊಂಡು, ತುಂಡಿನ ದಪ್ಪ ಮೊದಲಿನ ಐದನೇ ಒಂದು ಭಾಗಕ್ಕೆ ಇಳಿಯಿತು. ಅದರ ಎಳೆತ ಬಲ (ಎಳೆದಾಗ ತುಂಡಾಗದೆ ತಡೆದುಕೊಳ್ಳುವ ಶಕ್ತಿ) 587 ಮೆಗಾಪಾಸ್ಕಲ್, ಅಂದರೆ ಸಹಜ ಮರದ ಹತ್ತು ಪಟ್ಟಿಗಿಂತ ಹೆಚ್ಚು. ಲಿಗ್ನಿನ್ ಪೂರ್ತಿ ತೆಗೆದರೆ ಬಲ ಕುಗ್ಗುತ್ತದೆ. ಎಷ್ಟು ಉಳಿಸಬೇಕೆಂಬ ಆ ಹದವೇ ಈ ಸಂಶೋಧನೆಯ ನಿಜವಾದ ಸಾಧನೆ ಎಂದು ನನ್ನ ಅಭಿಪ್ರಾಯ. ಈ ಬಲ ಎಳೆಗಳು ಸಾಗುವ ದಿಕ್ಕಿನಲ್ಲಿ ಅಳೆದದ್ದು, ಅಡ್ಡ ದಿಕ್ಕಿನಲ್ಲಿ ಅದು ಬಹಳ ಕಡಿಮೆ ಎಂಬುದನ್ನು ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಪಾರದರ್ಶಕ ಮರಕ್ಕೆ ಬೇರೆಯದೇ ದಾರಿ. ಬೆಳಕನ್ನು ಹೀರುವ ಲಿಗ್ನಿನ್ ಅನ್ನು ತೆಗೆದು ಅಥವಾ ಬಿಳುಪಾಗಿಸಿ, ಬೆಳಕನ್ನು ಸೆಲ್ಯುಲೋಸ್‌ನಷ್ಟೇ ಬಾಗಿಸುವ ಪಾಲಿಮರ್‌ನಿಂದ (ಪ್ಲಾಸ್ಟಿಕ್‌ನಂತಹ ವಸ್ತು) ಖಾಲಿ ಜಾಗವನ್ನು ತುಂಬುತ್ತಾರೆ. ಸ್ವೀಡನ್ನಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಲಾರ್ಸ್ ಬರ್ಗ್‌ಲುಂಡ್ ಅವರ ತಂಡ 2016ರಲ್ಲಿ ಹೀಗೆ ಮಾಡಿ ತೋರಿಸಿತು. ಬೆಳಕು ಚದುರುವುದರಿಂದ ಹಾಳೆ ದಪ್ಪವಾದಷ್ಟೂ ಅದರಾಚೆಯ ನೋಟ ಮಸುಕಾಗುತ್ತದೆ.

ಇನ್ನು ಬಳಕೆಯ ಅಡ್ಡಿಗಳು. ಇದೇ ಎಳೆಗಳನ್ನು ಮರದಿಂದ ಬೇರ್ಪಡಿಸಿ ಬಳಸುವ ದಾರಿಯಲ್ಲಿ ದೊಡ್ಡ ಸಮಸ್ಯೆ ನೀರು. ಸೆಲ್ಯುಲೋಸ್ ಎಳೆಗಳನ್ನು ಬಿಡಿಸಿ ತೆಗೆದ ನ್ಯಾನೋಸೆಲ್ಯುಲೋಸ್ ಶೇಕಡ ಒಂದೆರಡು ಪ್ರಮಾಣದಲ್ಲಿದ್ದರೂ ನೀರನ್ನು ಲೋಳೆಯಂತೆ ಗಟ್ಟಿಯಾಗಿಸುತ್ತದೆ. ಅದನ್ನು ಒಣಗಿಸಲು ಅಪಾರ ಶಕ್ತಿ ಬೇಕು, ಒಣಗಿದ ಎಳೆಗಳು ಅಂಟಿಕೊಂಡು ಮತ್ತೆ ಸುಲಭವಾಗಿ ಬಿಡಿಯಾಗುವುದಿಲ್ಲ. ಪಾರದರ್ಶಕ ಮರದ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ: ಒಳಗೆ ಸಾಮಾನ್ಯವಾಗಿ ತುಂಬುವ ಅಕ್ರಿಲಿಕ್ ಪಾಲಿಮರ್ ಪೆಟ್ರೋಲಿಯಂ ಮೂಲದ್ದು, ಮಣ್ಣಿನಲ್ಲಿ ಕೊಳೆಯದು. ಕೆಟಿಎಚ್ ಸಂಶೋಧಕರು 2021ರಲ್ಲಿ ಕಿತ್ತಳೆ ಸಿಪ್ಪೆಯಂತಹ ತ್ಯಾಜ್ಯದಿಂದ ಸಿಗುವ ಲಿಮೋನೀನ್ ಆಧಾರಿತ ಪಾಲಿಮರ್ ತುಂಬಿ ಪ್ರಯೋಗಿಸಿದ್ದು ಪೆಟ್ರೋಲಿಯಂ ಮೂಲದ ಪಾಲಿಮರ್‌ಗೆ ಬದಲಿ ಹುಡುಕುವ ಉದ್ದೇಶದಿಂದಲೇ.